ಅಳತೆ ಕೇಳದ ಬಟ್ಟೆ

ಊರಿನಿಂದ ಅವಸರದ ಫೋನು ಬಂದು ಹತ್ತು ನಿಮಿಷದಲ್ಲಿ ಹೊರಡಬೇಕಾದಾಗ ಮನೆಯ ಹೆಣ್ಣುಮಕ್ಕಳು ಬೀರು ತೆಗೆಯುವುದನ್ನು ನೀವೂ ನೋಡಿರುತ್ತೀರಿ. ಅರೆಗಳ ತುಂಬ ಸೀರೆಗಳಿದ್ದರೂ ಕೈ ನೇರವಾಗಿ ಹೋಗುವುದು ಒಂದರ ಕಡೆಗೆ. ಅದಕ್ಕೆ ಇಸ್ತ್ರಿ ಬೇಕಿಲ್ಲ. ಅದರ ರವಿಕೆ ಎಲ್ಲಿದೆಯೆಂದು ಹುಡುಕಬೇಕಿಲ್ಲ. ಬಸ್ಸಿನಲ್ಲಿ ಅರ್ಧ ದಿನ ಕೂತು ಇಳಿದರೂ ನೆರಿಗೆಯನ್ನು ಒಮ್ಮೆ ಕೊಡವಿದರೆ ಸರಿಹೋಗುತ್ತದೆ. ಆಸ್ಪತ್ರೆಗೂ ಆಯಿತು, ಬ್ಯಾಂಕಿಗೂ ಆಯಿತು, ದಾರಿಯಲ್ಲಿ ಯಾರೋ ಅರಿಶಿನ ಕುಂಕುಮಕ್ಕೆ ಕರೆದರೆ ಅಲ್ಲಿಗೂ ಆಯಿತು. ಅದಕ್ಕಿಂತ ನಾಲ್ಕು ಪಟ್ಟು ಬೆಲೆ ಕೊಟ್ಟು ತಂದ ಸೀರೆಗಳು ಆ ಹೊತ್ತಿನಲ್ಲಿ ನೆನಪಿಗೇ ಬರುವುದಿಲ್ಲ.

ಹೆಣ್ಣುಮಕ್ಕಳ ಬಳಿ ಎಂದೆಂದಿಗೂ ಇರಬೇಕಾದ ಉಡುಪು ಯಾವುದು ಎಂದು ಪತ್ರಿಕೆಗಳು ಆಗಾಗ ಪಟ್ಟಿ ಕೊಡುತ್ತವೆ. ಬಿಳಿಯ ಶರ್ಟು, ಕಪ್ಪು ಪ್ಯಾಂಟು, ಒಂದು ಒಳ್ಳೆಯ ಕೋಟು. ಆ ಪಟ್ಟಿ ತಪ್ಪಲ್ಲ. ಕಚೇರಿಗೆ ಹೋಗುವ ಎಷ್ಟೋ ಹುಡುಗಿಯರಿಗೆ ಅದು ನೆರವಾಗಿದೆ. ಆದರೆ ನಮ್ಮ ಬಿಸಿಲು, ಧೂಳು, ಮದುವೆ, ಮುಂಜಿ, ಬಸ್ಸು, ಅಡುಗೆಮನೆಗಳ ನಡುವೆ ಬಾಳಿದ ಹೆಂಗಸರು ತಮ್ಮದೇ ಒಂದು ಆಯ್ಕೆಯನ್ನು ಮಾಡಿಟ್ಟಿದ್ದಾರೆ. ಅದನ್ನು ಯಾರೂ ಬರೆದಿಡಲಿಲ್ಲ. ಬಳಸಿ, ಒಗೆದು, ಮಗಳಿಗೆ ಕೊಟ್ಟು ತೋರಿಸಿದರು.

ಸೀರೆಯ ದೊಡ್ಡ ಗುಣವೆಂದರೆ ಅದಕ್ಕೆ ಅಳತೆಯಿಲ್ಲ. ಕತ್ತರಿಯಿಲ್ಲ, ಹೊಲಿಗೆಯಿಲ್ಲ, ಸುಮಾರು ಐದೂವರೆ ಮೀಟರಿನ ಒಂದೇ ಬಟ್ಟೆ. ಇಪ್ಪತ್ತೆರಡರಲ್ಲಿ ಉಟ್ಟವಳು ಎರಡು ಹೆರಿಗೆಯಾದ ಮೇಲೂ ಅದನ್ನೇ ಉಡುತ್ತಾಳೆ, ಅರವತ್ತರಲ್ಲೂ ಉಡುತ್ತಾಳೆ. ನೆರಿಗೆ ಒಂದು ಹೆಚ್ಚಾಗಬಹುದು, ಒಂದು ಕಡಿಮೆಯಾಗಬಹುದು, ಅಷ್ಟೇ. ಮೈ ಬದಲಾಯಿತೆಂದು ಅದು ಹೆಣ್ಣನ್ನು ದೂರುವುದಿಲ್ಲ. ಹೊಲಿದ ಉಡುಪು ಎರಡು ವರ್ಷಕ್ಕೆ ಬಿಗಿಯಾದಾಗ ನಾವು ಬಟ್ಟೆಯನ್ನು ಬಿಟ್ಟು ನಮ್ಮನ್ನೇ ಬೈದುಕೊಳ್ಳುತ್ತೇವೆ. ಸೀರೆ ಅಂಥ ಸಂಕಟಕ್ಕೆ ಎಡೆ ಕೊಡುವುದಿಲ್ಲ. ಉಡುವ ಬಗೆಯೂ ಅವರವರ ಬದುಕಿಗೆ ತಕ್ಕಂತೆ ಬೆಳೆದಿದೆ. ಕೊಡಗಿನವರು ನೆರಿಗೆಯನ್ನು ಬೆನ್ನ ಹಿಂದೆ ಸಿಕ್ಕಿಸುತ್ತಾರೆ. ಉತ್ತರ ಕರ್ನಾಟಕದ ಹಿರಿಯರು ಒಂಬತ್ತು ಗಜದ ಸೀರೆಗೆ ಕಚ್ಚೆ ಹಾಕಿ ಹೊಲದಲ್ಲಿ ದುಡಿದರು.

ಇಳಕಲ್ಲ ಸೀರೆಯನ್ನೇ ಹತ್ತಿರದಿಂದ ನೋಡೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರು ಒಡಲಿಗೆ ಹತ್ತಿಯ ನೂಲನ್ನೂ ಸೆರಗಿಗೆ ರೇಷ್ಮೆಯನ್ನೋ ಕೃತಕ ರೇಷ್ಮೆಯನ್ನೋ ಹಾಕುತ್ತಾರೆ. ದುಡಿಯುವ ಮೈಗೆ ಬೆವರು ಹೀರುವ ಹತ್ತಿ, ತಲೆಯ ಮೇಲೆ ಹೊದ್ದು ನಾಲ್ಕು ಜನರ ಮುಂದೆ ಬರುವ ಸೆರಗಿಗೆ ರೇಷ್ಮೆಯ ಮೆರುಗು. ಇದರಲ್ಲಿ ಲೆಕ್ಕಾಚಾರವೂ ಇದೆ, ಅಂತಃಕರಣವೂ ಇದೆ. ಹತ್ತಿಯ ಹಾಸು ಮುಗಿದು ರೇಷ್ಮೆಯ ಹಾಸು ಶುರುವಾಗುವ ಕಡೆ ಎಳೆಗಳನ್ನು ಕುಣಿಕೆಗಳಾಗಿ ಒಂದರೊಳಗೊಂದು ಸಿಕ್ಕಿಸಿ ಸೇರಿಸಬೇಕು. ಈ ರೀತಿಯ ಸೆರಗಿಗೆ ತೋಪುತೆನೆ ಎಂಬ ಹೆಸರು. ಬೇರೆ ಬಗೆಯ ಸೀರೆಗಳಿಗೆ ಉದ್ದನೆಯ ಹಾಸನ್ನು ಒಮ್ಮೆ ಹೂಡಿದರೆ ಹಲವು ಸೀರೆ ನೇಯಬಹುದು. ಇಲ್ಲಿ ಹಾಗಲ್ಲ, ಪ್ರತಿ ಸೀರೆಗೂ ಸೆರಗಿನ ಎಳೆಗಳನ್ನು ಹೊಸದಾಗಿ ಜೋಡಿಸಬೇಕು. ನೂಲು ಸುತ್ತುವುದರಿಂದ ಹಿಡಿದು ಮಗ್ಗ ಹೂಡುವವರೆಗಿನ ಕೆಲಸದಲ್ಲಿ ಬಹುಪಾಲು ಮನೆಯ ಹೆಂಗಸರದು. ನಿಮ್ಮಲ್ಲಿ ಹಳೆಯ ಇಳಕಲ್ಲ ಸೀರೆಯಿದ್ದರೆ ಒಡಲು ಮತ್ತು ಸೆರಗು ಕೂಡುವಲ್ಲಿ ಬೆರಳಾಡಿಸಿ ನೋಡಿ. ಆ ಸಣ್ಣ ಕುಣಿಕೆಗಳ ಸಾಲು ಬೆರಳಿಗೆ ಸಿಗುತ್ತದೆ. ಎಷ್ಟೋ ವರ್ಷ ಉಟ್ಟು ಒಗೆದರೂ ಆ ಕೂಡುಗೆ ಬಿಡುವುದಿಲ್ಲ.

ಅದರ ಬಣ್ಣಗಳಿಗೂ ದಡಿಗಳಿಗೂ ಮನೆಮಾತಿನ ಹೆಸರುಗಳಿವೆ. ದಾಳಿಂಬೆಯ ಕೆಂಪು, ನವಿಲಿನ ಹಸಿರು, ಗಿಳಿಯ ಹಸಿರು. ಗೋಮಿ ದಡಿ, ಚಿಕ್ಕಿ ದಡಿ, ಗಾಡಿ ದಡಿ. ಸೆರಗಿನಲ್ಲಿ ಕೆಂಪಿನ ನಡುವೆ ಬಿಳಿಯ ಪಟ್ಟಿಗಳು ಬರುತ್ತವೆ. ಎಷ್ಟು ದೂರದಿಂದ ಕಂಡರೂ ಇದು ಇಳಕಲ್ಲು ಎಂದು ಹೇಳಿಬಿಡಬಹುದು. ಅದರ ಮೇಲೆ ಧಾರವಾಡ ಸೀಮೆಯ ಹೆಣ್ಣುಮಕ್ಕಳು ಕಸೂತಿ ಹಾಕಿದರೆ ಆ ಸೀರೆ ತಲೆಮಾರು ದಾಟುತ್ತದೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಹೊಲಿಯುವುದಲ್ಲ ಅದು. ಎಳೆ ಎಣಿಸಿ ಎಣಿಸಿ ಗೋಪುರ, ತೇರು, ಆನೆ, ತುಳಸಿಕಟ್ಟೆ, ತೊಟ್ಟಿಲು ಮೂಡಿಸುತ್ತಾರೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ ಹೊಲಿಗೆಗಳಲ್ಲಂತೂ ಮುಂಭಾಗ ಹೇಗೋ ಹಿಂಭಾಗವೂ ಹಾಗೇ. ಯಾರಿಗೂ ಕಾಣದ ಬದಿಯನ್ನೂ ಅಷ್ಟೇ ಚೊಕ್ಕವಾಗಿ ಮಾಡಿದ ಕೈಗಳನ್ನು ನೆನೆದರೆ ಗೌರವ ಹುಟ್ಟುತ್ತದೆ.

ಅದೇ ಬಳಗದ ಚಂದ್ರಕಾಳಿ ಸೀರೆ ನನಗೆ ಬಹಳ ಮೆಚ್ಚು. ಕಪ್ಪು ಒಡಲು, ಕೆಂಪು ದಡಿ. ಶುಭಕಾರ್ಯಕ್ಕೆ ಕಪ್ಪು ಬೇಡವೆಂದು ಹಿಂಜರಿಯುವ ಮನೆಗಳು ಇಂದಿಗೂ ಇವೆ. ಉತ್ತರ ಕರ್ನಾಟಕದಲ್ಲಿ ಚೊಚ್ಚಲ ಬಸುರಿಗೆ ಸೀಮಂತದ ದಿನ ಉಡಿಸುವುದು ಇದೇ ಕಪ್ಪು ಚಂದ್ರಕಾಳಿಯನ್ನು. ಸಂಕ್ರಾಂತಿಯ ಚಳಿಗೂ ಅದೇ. ಕಲೆ ಎದ್ದು ಕಾಣುವುದಿಲ್ಲ, ಯಾವ ಬಣ್ಣದ ರವಿಕೆಯಾದರೂ ಒಪ್ಪುತ್ತದೆ, ಬೆಳ್ಳಗಿರುವವರಿಗೂ ಕಪ್ಪಗಿರುವವರಿಗೂ ಸಮಾನವಾಗಿ ಚೆನ್ನ. ಒಂದೇ ಒಂದು ಸೀರೆ ಇಟ್ಟುಕೊಳ್ಳಿ ಎಂದು ಯಾರಾದರೂ ಷರತ್ತು ಹಾಕಿದರೆ ನಾನು ಇದನ್ನೇ ಹೇಳುತ್ತೇನೆ.

ಕೊಳ್ಳುವಾಗ ಒಂದು ಮಾತು ನೆನಪಿರಲಿ. ಕೈಮಗ್ಗಕ್ಕೆಂದು ಕೆಲವು ಬಗೆಯ ನೇಯ್ಗೆಯನ್ನು ಮೀಸಲಿಡುವ ಕಾಯ್ದೆ 1985ರಲ್ಲೇ ಬಂತು. ಆದರೂ ಯಂತ್ರಮಗ್ಗದ ಸೀರೆಗಳು ಕೈಮಗ್ಗದ ಹೆಸರಿನಲ್ಲಿ ಮಾರಾಟವಾಗುತ್ತಲೇ ಇವೆ. ಅಗ್ಗದ ನಕಲನ್ನು ಕೊಂಡವಳ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ, ಎಲ್ಲರ ಕೈಯೂ ಒಂದೇ ಸಮ ಇರುವುದಿಲ್ಲ. ಆದರೆ ಅಸಲಿಯ ಬೆಲೆ ಕೊಡುತ್ತಿದ್ದರೆ ಅಸಲಿಯನ್ನೇ ಕೇಳಿ ಪಡೆಯುವುದು ನಮ್ಮ ಹಕ್ಕು. ಅಂಚಿನ ಉದ್ದಕ್ಕೂ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು ಕಂಡರೆ, ಅದು ಮಗ್ಗದಲ್ಲಿ ಬಟ್ಟೆಯನ್ನು ಅಗಲಕ್ಕೆ ಬಿಗಿಹಿಡಿದ ಗುರುತು. ಅಂಗಡಿಯವರನ್ನು ಎಲ್ಲಿ ನೇಯ್ದದ್ದು ಎಂದು ಕೇಳಲು ಸಂಕೋಚ ಬೇಡ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ, ನೇಕಾರರ ಸಹಕಾರ ಸಂಘಗಳಿವೆ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ತಮ್ಮ ಆಯುಷ್ಯದ ದೊಡ್ಡ ಭಾಗವನ್ನು ಇಂಥ ಕುಶಲಕರ್ಮಿಗಳ ಅನ್ನ ಉಳಿಸುವುದಕ್ಕಾಗಿ ಸವೆಸಿದರು. ನಾವು ಮಾಡಬೇಕಾದದ್ದು ಅಷ್ಟು ದೊಡ್ಡದಲ್ಲ. ವರ್ಷಕ್ಕೆ ನಾಲ್ಕು ತೆಗೆಯುವ ಬದಲು ಒಂದನ್ನು ತೆಗೆದು, ಅದನ್ನು ಸರಿಯಾದ ಬೆಲೆಗೆ ತೆಗೆದರೆ ಸಾಕು.

ಇನ್ನು ಮೈಸೂರು ರೇಷ್ಮೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಇವತ್ತಿಗೂ ಅದೇ ಸೀರೆಯನ್ನು ನೇಯುತ್ತಿದೆ. 1980ರಿಂದ ಅದು ರೇಷ್ಮೆ ಕೈಗಾರಿಕೆಗಳ ನಿಗಮದ ಕೈಯಲ್ಲಿದೆ. ಇದು ಯಂತ್ರಮಗ್ಗದ್ದೇ, ಅದರಲ್ಲಿ ಮುಚ್ಚುಮರೆಯಿಲ್ಲ. ನೂಲನ್ನು ಚೆನ್ನಾಗಿ ಹುರಿಗೊಳಿಸಿ ನೇಯ್ದು, ಆಮೇಲೆ ಸೀರೆಯನ್ನು ಕುದಿಸಿ ರೇಷ್ಮೆಯ ಅಂಟು ಬಿಡಿಸಿ ಬಣ್ಣ ಹಾಕುತ್ತಾರೆ. ಅದಕ್ಕೇ ಅದು ಮೈಮೇಲೆ ನಿಲ್ಲದೆ ಇಳಿಯುತ್ತದೆ. ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ. ಒಡಲು ಸಾದಾ, ಅಂಚಿನಲ್ಲಿ ಜರಿ. ಅಲಂಕಾರ ಅಷ್ಟಕ್ಕೇ ನಿಂತದ್ದರಿಂದಲೇ ಅದು ಹಳತಾಗಲಿಲ್ಲ ಎಂದು ನನ್ನ ನಂಬಿಕೆ. ಹೆಚ್ಚು ಮಾತಾಡುವ ಸೀರೆ ಬೇಗ ದಣಿಸುತ್ತದೆ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಮಳಿಗೆಯ ಮುಂದೆ ಬೆಳಗಿನ ಜಾವದಲ್ಲೇ ಹೆಂಗಸರು ಸಾಲು ನಿಂತು ಟೋಕನ್ ಪಡೆದದ್ದನ್ನು ನಾವೆಲ್ಲ ಸುದ್ದಿಯಲ್ಲಿ ಕಂಡೆವು. ದುಬಾರಿ, ಹೌದು. ಆದರೆ ಅಜ್ಜಿಯ ಮೈಸೂರು ರೇಷ್ಮೆಯನ್ನು ಮೊಮ್ಮಗಳು ತನ್ನ ಮದುವೆಯ ಆರತಕ್ಷತೆಗೆ ಉಡುವುದನ್ನು ಕಂಡವರು ಆ ಬೆಲೆಯನ್ನು ಮೂರು ತಲೆಮಾರಿಗೆ ಹಂಚಿ ನೋಡುತ್ತಾರೆ.

ದಿನದ ಬಳಕೆಗೆ ಹತ್ತಿಗೆ ಸಮನಾದದ್ದು ಇಲ್ಲ. ಕರಾವಳಿಯ ಸೆಕೆಗೆಂದೇ ಹುಟ್ಟಿದ ತೆಳುವಾದ ಉಡುಪಿ ಸೀರೆ ಒಂದು ಹಂತದಲ್ಲಿ ಕಣ್ಮರೆಯಾಗುವಂತಿತ್ತು. ಕಿನ್ನಿಗೋಳಿ ಬಳಿಯ ತಾಳಿಪಾಡಿಯ ನೇಕಾರರ ಸಂಘದಲ್ಲಿ ಅದು ಮತ್ತೆ ಉಸಿರು ಹಿಡಿದಿದೆ. ಚೂಡಿದಾರ, ಕುರ್ತಾ ಹಾಕುವವರಿಗೆ ಸಾಗರದ ಹತ್ತಿರ ಭೀಮನಕೋಣೆಯ ‘ಚರಕ’ ಸಹಕಾರ ಸಂಘದ ಹೆಣ್ಣುಮಕ್ಕಳು ಅಡಿಕೆ ಚೊಗರಿನಂಥ ಸಸ್ಯಮೂಲದ ಬಣ್ಣಗಳಲ್ಲಿ ಅದ್ದಿದ ನೂಲಿನಿಂದ ಮಾಡುವ ಬಟ್ಟೆಗಳಿವೆ. ಇಂಥ ಎರಡು ಕುರ್ತಾ, ಚಳಿಗೆ ಒಂದು ಶಾಲು ಇದ್ದರೆ ಹೊರಗೆ ದುಡಿಯುವ ಹುಡುಗಿಗೆ ವರ್ಷಗಳ ಚಿಂತೆಯಿಲ್ಲ.

ಹೊಲಿದ ಬಟ್ಟೆ ಮಾತ್ರ ಅಳತೆ ಕೇಳುತ್ತದೆ. ಸೀರೆ ಚೆನ್ನಾಗಿದ್ದೂ ಮೂಲೆ ಸೇರುವುದಕ್ಕೆ ಬಹುಪಾಲು ಕಾರಣ ರವಿಕೆ ಹಿಡಿಯದೆ ಹೋದದ್ದು. ಹಳೆಯ ದರ್ಜಿಗಳು ಎರಡೂ ಪಕ್ಕದಲ್ಲಿ, ತೋಳಿನ ಒಳಗೆ, ಒಂದಿಂಚಿಗೆ ಕಡಿಮೆಯಿಲ್ಲದಂತೆ ಬಟ್ಟೆ ಬಿಟ್ಟು ಹೊಲಿಯುತ್ತಿದ್ದರು. ಒಂದು ಹೊಲಿಗೆ ಬಿಚ್ಚಿದರೆ ರವಿಕೆ ಮತ್ತೆ ಹತ್ತು ವರ್ಷಕ್ಕೆ ಸಲ್ಲುತ್ತಿತ್ತು. ಈಗಿನ ಸಿದ್ಧ ಉಡುಪುಗಳಲ್ಲಿ ಹೊಲಿಗೆಯ ಪಕ್ಕದಲ್ಲೇ ಕತ್ತರಿಸಿಬಿಟ್ಟಿರುತ್ತಾರೆ, ಬಿಚ್ಚಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಹೊಲಿಯಲು ಕೊಡುವಾಗ ‘ಒಳಗೆ ಬಟ್ಟೆ ಬಿಡಿ’ ಎಂದು ಬಾಯಿಬಿಟ್ಟು ಹೇಳಿ. ಕಪ್ಪು, ಕಡುಗೆಂಪು, ಕೆನೆಬಣ್ಣ, ಈ ಮೂರು ರವಿಕೆಗಳು ಸರಿಯಾಗಿ ಕೂತರೆ ಹನ್ನೆರಡು ಸೀರೆಗೆ ಜೊತೆಯಾಗುತ್ತವೆ. ಗುಳೇದಗುಡ್ಡದ ಖಣದ್ದೊಂದು ಕುಪ್ಪಸವಿದ್ದರೆ ಇನ್ನೂ ಸರಿ, ತೀರ ಸಾದಾ ಸೀರೆಗೂ ಅದು ಕಳೆ ಕೊಡುತ್ತದೆ.

ಇಟ್ಟುಕೊಳ್ಳುವುದಕ್ಕೂ ತಿಳಿವಳಿಕೆ ಬೇಕು. ಒದ್ದೆಯಾದಾಗ ಹತ್ತಿಯ ಎಳೆ ಇನ್ನಷ್ಟು ಗಟ್ಟಿಯಾಗುತ್ತದೆ, ರೇಷ್ಮೆಯ ಎಳೆ ಸೋಲುತ್ತದೆ. ಹತ್ತಿ ಒಗೆಯುವ ಕಲ್ಲಿನ ಪೆಟ್ಟನ್ನು ತಾಳುವುದೂ, ರೇಷ್ಮೆಯನ್ನು ಹಿಂಡಬಾರದು ಎನ್ನುವುದೂ ಇದರಿಂದಲೇ. ಜರಿಯಲ್ಲಿ ಬೆಳ್ಳಿಯಿರುವುದರಿಂದ ಗಾಳಿಯಲ್ಲಿರುವ ಗಂಧಕದ ಅಂಶ ತಾಕಿದರೆ ಕಪ್ಪಾಗುತ್ತದೆ. ಒಗೆದು ಮೆತ್ತಗಾದ ಹಳೆಯ ಪಂಚೆಯಲ್ಲಿ ಸುತ್ತಿಡುವುದು ಒಳ್ಳೆಯದು. ನುಸಿಗುಳಿಗೆ ಜರಿಗೆ ತಾಗಬಾರದು. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ, ಹಳೆಯ ಮಡಿಕೆಯ ಗೆರೆ ಬಿಟ್ಟು ಬೇರೆ ಕಡೆ ಮಡಿಸಬೇಕು, ಇಲ್ಲದಿದ್ದರೆ ಗೆರೆಯ ಮೇಲೇ ಸೀಳುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಉಡುವುದು. ಗಾಳಿ ಕಾಣದೆ ಇಟ್ಟಲ್ಲೇ ಇಟ್ಟ ರೇಷ್ಮೆ ಉಟ್ಟ ರೇಷ್ಮೆಗಿಂತ ಬೇಗ ಕೆಡುತ್ತದೆ.

ಹೀಗೆ ಬಾಳಿದ ಸೀರೆ ಹರಿದ ಮೇಲೂ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಮೆತ್ತಗಾದ ಹತ್ತಿಯ ಸೀರೆ ಮಗುವಿನ ಜೋಲಿಯಾಗುತ್ತಿತ್ತು, ಕೂಸನ್ನು ಸುತ್ತುವ ಅರಿವೆಯಾಗುತ್ತಿತ್ತು. ಉಳಿದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಸಣ್ಣ ಹೊಲಿಗೆಯ ಸಾಲು ಹಾಕಿ ಕೌದಿ ಮಾಡುತ್ತಿದ್ದರು. ಉತ್ತರ ಕರ್ನಾಟಕದ ಊರುಗಳಲ್ಲಿ ಇವತ್ತಿಗೂ ಕೌದಿ ಹೊಲಿಯುವವರಿದ್ದಾರೆ. ನೈಲಾನ್, ಪಾಲಿಯೆಸ್ಟರ್ ಸೀರೆಗಳಿಗೆ ಈ ಗತಿಯಿಲ್ಲ. ಅವು ಮಗುವಿನ ಮೈಗೂ ಒಗ್ಗುವುದಿಲ್ಲ, ಮಣ್ಣಿಗೂ ಸೇರುವುದಿಲ್ಲ.

ಅಳತೆಯಿಲ್ಲದ ಬಟ್ಟೆಗೆ ಇನ್ನೊಂದು ಗುಣವಿದೆ, ನನ್ನ ಮಟ್ಟಿಗೆ ಅದೇ ಹಿರಿದು. ಅದನ್ನು ಇನ್ನೊಬ್ಬಳಿಗೆ ಕೊಡಬಹುದು. ವಠಾರಗಳಲ್ಲಿ ಬದುಕಿದವರಿಗೆ ಇದು ಗೊತ್ತು. ಯಾರದೋ ಮನೆಯಲ್ಲಿದ್ದ ಒಂದು ಒಳ್ಳೆಯ ರೇಷ್ಮೆ ಸೀರೆ ಎಷ್ಟೋ ಹೆಣ್ಣುಮಕ್ಕಳ ವಧುಪರೀಕ್ಷೆಗೆ, ಎಷ್ಟೋ ಪದವಿ ಪ್ರದಾನದ ಫೋಟೋಗೆ, ಎಷ್ಟೋ ಕೆಲಸದ ಸಂದರ್ಶನಕ್ಕೆ ಹೋಗಿ ಬರುತ್ತಿತ್ತು. ಒಯ್ದವಳು ನೆರಳಲ್ಲಿ ಗಾಳಿಗೆ ಹರವಿ, ನೀಟಾಗಿ ಮಡಿಸಿ, ಮೇಲೆ ಒಂದಿಷ್ಟು ಹೂವಿಟ್ಟು ತಂದುಕೊಡುತ್ತಿದ್ದಳು. ಕೊಟ್ಟವಳು ಬಿಚ್ಚಿ ಕಲೆ ಹುಡುಕುತ್ತಿರಲಿಲ್ಲ. ಇದಕ್ಕೊಂದು ಅಲಿಖಿತ ಮರ್ಯಾದೆಯಿತ್ತು: ಉಟ್ಟವಳು ನಾಲ್ಕು ಜನರ ನಡುವೆ ನಿಂತಾಗ ‘ಇದು ನಮ್ಮನೆ ಸೀರೆ’ ಎಂದು ಅನ್ನಬಾರದು. ಆ ಹೊತ್ತಿಗೆ ಅದು ಅವಳದೇ. ಔದಾರ್ಯ ಎಂಬ ದೊಡ್ಡ ಮಾತಿನ ಅಂಶ ಇಂಥ ಸಣ್ಣ ಮೌನದಲ್ಲಿದೆ. ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲು ಹಾಕಿಕೊಂಡು ಬದುಕುವ ನಾವು ಆ ಕೊಟ್ಟು ತೆಗೆದುಕೊಳ್ಳುವ ಸಲಿಗೆಯನ್ನು ಬಿಟ್ಟೆವು. ಹೀಗಾಗಿ ಒಂದೇ ಮಹಡಿಯ ನಾಲ್ಕು ಮನೆಗಳಲ್ಲಿ ಒಮ್ಮೆ ಮಾತ್ರ ಉಟ್ಟ ಸೀರೆಗಳು ರಾಶಿ ಬಿದ್ದಿರುತ್ತವೆ, ಐದನೆಯ ಮನೆಯ ಹುಡುಗಿ ಒಂದು ದಿನದ ಸಮಾರಂಭಕ್ಕಾಗಿ ಸಾಲ ಮಾಡಿ ಹೊಸತು ತರುತ್ತಾಳೆ.

ಪೂರ್ತಿ ಕೊಟ್ಟುಬಿಡುವುದಾದರೆ, ಉಡಲು ಬರುವಾಗಲೇ ಕೊಡಬೇಕು. ಬಣ್ಣ ಹೋಗಿ ಅಂಚು ಬಿಟ್ಟ ಮೇಲೆ ಮನೆಗೆಲಸದವಳ ಕೈಗಿಟ್ಟು ದಾನ ಮಾಡಿದೆವೆಂದು ತಿಳಿಯುವುದು ಅವಳಿಗೂ ಸರಿಯಲ್ಲ, ಆ ಸೀರೆಗೂ ಸರಿಯಲ್ಲ. ಅವಳಿಗೂ ಮಗಳ ಶಾಲೆಯ ಸಭೆಯಿದೆ, ತವರಿನ ಮದುವೆಯಿದೆ, ಅವಳೂ ಕನ್ನಡಿ ನೋಡಿಕೊಳ್ಳುತ್ತಾಳೆ. ಈ ಶ್ರಾವಣಕ್ಕೆ ಮೊದಲು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ನೀವು ಐದಾರು ವರ್ಷದಿಂದ ಮುಟ್ಟದ ಒಂದು ಒಳ್ಳೆಯ ಸೀರೆಯನ್ನು ಆರಿಸಿ. ಬಿಟ್ಟುಹೋದ ಫಾಲ್ ಹೊಲಿಸಿ, ಗಾಳಿಗೆ ಹಾಕಿ ಮಡಿಸಿ. ಅದರ ಹಳೆಯ ರವಿಕೆ ನಿಮ್ಮ ಅಳತೆಯದು, ಪಡೆದವಳಿಗೆ ಆಗುವುದಿಲ್ಲ. ಆದ್ದರಿಂದ ಹೊಂದುವ ಹೊಸ ರವಿಕೆ ಬಟ್ಟೆಯನ್ನೂ ಅದನ್ನು ಹೊಲಿಸುವ ಕೂಲಿಯನ್ನೂ ಸೀರೆಯ ಜೊತೆಗೇ ಇಟ್ಟು ಕೊಡಿ.